ಉಷ್ಣಕ್ಕೆ ತಂಪು

ಮೇ 18, ಭಾನುವಾರ, ಬೆಳಿಗ್ಗೆ 9

ಕೊತ್ತಂಬರಿ ಬೀಜ, ಜೀರಿಗೆ ನೆನೆಹಾಕಿದ್ದು ಆಯಿತು. ಮೆಂತೆ ಬೇರೆ ಲೋಟದಲ್ಲಿ. ರಾತ್ರಿಯೇ ನೆನೆಸಬೇಕಿತ್ತು, ಮರೆತೆ. ವಯಸ್ಸಾಯಿತು ಎಂದು ಒಪ್ಪಲು ಮನಸ್ಸಿಲ್ಲ — ಧಾರಾವಾಹಿ ನೋಡುತ್ತ ಕೂತೆ, ಅಷ್ಟೇ.

ಸೃಜನ್ ಬರುತ್ತಾನೆ. ಬಾಂದ್ರಾದ ಹೊಟೇಲಿನಲ್ಲಿ ತವಾದ ಮುಂದೆ ನಿಂತು ನಿಂತು ಮೈ ಉಷ್ಣವಾಗಿದೆಯಂತೆ. ಉರಿಮೂತ್ರ. ಫೋನಿನಲ್ಲಿ ಹೇಳುವಾಗ ದನಿ ಇಷ್ಟೇ ಇಷ್ಟು. ಇದರಲ್ಲಿ ನಾಚುವುದೇನಿದೆ? ದೋಸೆ ಹೊಯ್ಯುವವರಿಗೆ ಉಷ್ಣವಾಗದೆ ಐಸ್‌ಕ್ರೀಮ್ ಮಾರುವವರಿಗೆ ಆಗುತ್ತದೆಯೇ? ನಮ್ಮ ಯಜಮಾನರಿಗೂ ಆಗುತ್ತಿತ್ತು. ಬೊರಿವಲಿ ಹೊಟೇಲಿನ ತವಾ ಅಂದರೆ ಮೋನಪ್ಪ, ಮೋನಪ್ಪ ಅಂದರೆ ತವಾ — ಹಾಗಿದ್ದರು. ಸೃಜನ್ ಅವರ ಕೈಕೆಳಗೇ ಕಲಿತವನು. ದೋಸೆ ಮಗುಚುವಾಗ ಎಡಗೈ ಸೊಂಟದ ಮೇಲೆ ಇಡುವುದು ಕೂಡ ಅವರದೇ ಅಭ್ಯಾಸ. ನೋಡಿದಾಗೆಲ್ಲ ಖುಷಿಯಾಗುತ್ತದೆ, ಕಣ್ಣೂ ತುಂಬುತ್ತದೆ. ಇವರು ಹೋಗಿ ನಾಲ್ಕು ವರ್ಷ.

ಅದೇ ದಿನ, ಮಧ್ಯಾಹ್ನ

ಬಂದ. ನಿಂತಲ್ಲೇ ಎರಡು ಲೋಟ ಗಟಗಟ ಕುಡಿದ. ಬಾಯಿ ಒರೆಸಿಕೊಂಡು ತಮಾಷೆ ಬೇರೆ.

"ಇನ್ನು ನಿಮ್ಮನ್ನು ಅಕ್ಕ ಅನ್ನುದಾ, ದೊಡ್ಡಮ್ಮ ಅನ್ನುದಾ?"

"ಮೊದ್ಲು ಕರಿಮಣಿ ಕಟ್ಟು ಮಾರಾಯ. ಆಮೇಲೆ ಕೇಳು."

ಮದುವೆ ಜೂನ್ 29ಕ್ಕೆ, ಊರಿನಲ್ಲಿ. ಹುಡುಗಿ ಯಕ್ಷಿತಾ, ನನ್ನ ತಂಗಿ ಗುಲಾಬಿಯ ಮಗಳು. ಕಾಲೇಜಿಗೆಂದು ನನ್ನ ಮನೆಗೆ ಬಂದವಳು ಈಗ ಪವಾಯಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಅಲ್ಲೇ ಪಿಜಿ. ಶನಿವಾರ ಬಂದರೆ ನನ್ನ ಮಂಚ ಅವಳದ್ದು. ಹೆತ್ತದ್ದು ಗುಲಾಬಿ, ಮುದ್ದು ಮಾಡಿ ಹಾಳು ಮಾಡಿದ್ದು ನಾನು. ಈ ಸಂಬಂಧ ಕುದುರಿಸಿದ್ದೂ ನಾನೇ. ಗುಲಾಬಿ ಎರಡು ಮನಸ್ಸಿನಲ್ಲಿದ್ದಳು — ಮುಂಬಯಿಯ ಹೊಟೇಲು ಹುಡುಗರು ಹೇಗೋ ಏನೋ ಎಂದು. ಕಣ್ಣೆದುರು ಬೆಳೆದವನು, ನನ್ನ ಮಾತು ನಂಬು ಅಂದೆ. ನಂಬಿದಳು.

ಮೇ 21

ಹಳೆಯದೆಲ್ಲ ನೆನಪಾಗುತ್ತಿದೆ ಇವತ್ತು. ಮದುವೆಯಾಗಿ ಬಂದಾಗ ನಾವಿದ್ದದ್ದು ಹೊಟೇಲಿನ ಹಿಂದಿನ ಚಾಳಿನಲ್ಲಿ. ಒಂದೇ ಖೋಲಿ. ಹೊಟೇಲಿನ ತುಂಬ ಊರಿನ ಗಂಡಸರು, ಅವರ ನಡುವೆ ಊರಿನ ಹೆಂಗಸು ನಾನೊಬ್ಬಳು. ಹೊಟೇಲು ಮುಚ್ಚಿದ ಮೇಲೆ ಮೇಜು ಜೋಡಿಸಿ ಅದರ ಮೇಲೇ ಮಲಗುತ್ತಿದ್ದರು ಪಾಪ. ಹೆಂಡತಿ ಮಕ್ಕಳನ್ನು ನೋಡುವುದು ವರ್ಷಕ್ಕೊಮ್ಮೆ. ಎಲ್ಲರಿಗೂ ನಾನು ವಸಂತಿಯಕ್ಕ. ಹೊಟ್ಟೆನೋವಾದರೆ ವಸಂತಿಯಕ್ಕ. ಕಾಗದ ಓದಿ ಹೇಳಲು ವಸಂತಿಯಕ್ಕ. ಉಷ್ಣವಾದರೆ ವಸಂತಿಯಕ್ಕನ ತಂಪು.

ರಜೆಯ ದಿನ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ಹಾಕಿ ಗುಂಪಾಗಿ ಹೊರಡುತ್ತಿದ್ದರು. ಎಲ್ಲಿಗೆ ಅಂದರೆ ಪಿಚ್ಚರಿಗೆ. ಯಾವ ಪಿಚ್ಚರು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಮ್ಮ ಹೊಟೇಲಿನ ಐತಪ್ಪನ ಇಡ್ಲಿ ನೆನಪಾದರೆ ಈಗಲೂ ಬಾಯಲ್ಲಿ ನೀರು. ಎಂಥ ಕೈ! ಅವನಿಗೆ ಉಷ್ಣ ವಿಪರೀತ. ತಿಂಗಳುಗಟ್ಟಲೆ ತಂಪು ಮಾಡಿ ಕೊಟ್ಟೆ. ಇಳಿಯಲಿಲ್ಲ. ಕೊನೆಗೆ ಧಣಿಗಳೇ ಬಸ್ಸು ಹತ್ತಿಸಿದರು — ಊರಿಗೆ ಹೋಗು, ಹೆಂಡತಿ ಕೈಯ ಗಂಜಿ ಉಣ್ಣು, ನಾಲ್ಕು ಮಳೆ ಬಿದ್ದರೆ ಮೈ ತಂಪಾಗುತ್ತದೆ. ನಾನು ಕೊತ್ತಂಬರಿ ಜೀರಿಗೆ ಪುಡಿ ಡಬ್ಬಿ ತುಂಬಿಸಿ ಕೊಟ್ಟೆ. ಬಸ್ಸಿನ ಹತ್ತಿರ ಎಲ್ಲರೂ ಅತ್ತರು. ಉಷ್ಣವಾದವರನ್ನೆಲ್ಲ ಹೀಗೇ ಊರಿಗೆ ಕಳಿಸುವುದು ನಮ್ಮಲ್ಲಿ ರೂಢಿ. ಪ್ರೀತಿ ಇತ್ತು ಆಗ. ಈಗ ಪಕ್ಕದ ಬ್ಲಾಕಿನಲ್ಲಿ ಯಾರು ಬದುಕಿದ್ದಾರೆ ಯಾರು ಸತ್ತಿದ್ದಾರೆ ಎನ್ನುವುದೂ ವಾಟ್ಸ್ಯಾಪಿನಲ್ಲೇ ತಿಳಿಯಬೇಕು.

ಮೇ 25, ಭಾನುವಾರ

ಸೃಜನ್‌ಗೆ ಕಡಿಮೆಯಾಗಿಲ್ಲ. ನನಗೇ ಅವಮಾನ. ನನ್ನ ತಂಪಿಗೆ ಬಗ್ಗದ ಉಷ್ಣವೇ? ಪುನರ್ಪುಳಿ ಶರಬತ್ತೂ ಸೇರಿಸಿ ಕೊಟ್ಟೆ.

ಅವನು ಹೋದ ಮೇಲೆ ಮೇಲಿನ ಮಹಡಿಯ ವೈಶಾಲಿ ದೋಸೆ ಹಿಟ್ಟಿಗೆ ಬಂದಳು. ಮರಾಠಿ ಹುಡುಗಿ, ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ ಕೌನ್ಸೆಲರ್. ಎಚ್‌ಐವಿ ಪರೀಕ್ಷೆ ಮಾಡುವ ಕೋಣೆಯಲ್ಲಿ ಕೂತು ಜನರಿಗೆ ಬುದ್ಧಿ ಹೇಳುವ ಕೆಲಸ. ಸಾಲಾಗಿಟ್ಟ ಲೋಟ ನೋಡಿ ಯಾರಿಗೆ ಅಂದಳು. ಹೇಳಿದೆ. ಬರೀ ಉರಿಯೋ, ಕೀವಿನ ಹಾಗೆ ಏನಾದರೂ ಹೋಗುತ್ತದೆಯೋ ಅಂತ ಕೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ.

"ಮಾವ್ಶಿ, ಯೇ ತವಾ ಕೀ ಗರ್ಮಿ ನಹೀ ಹೈ."

ಇದು ತವಾದ ಉಷ್ಣ ಅಲ್ಲವಂತೆ. ದಿನಾ ಒಬ್ಬನಾದರೂ ಹೀಗೇ ಹೇಳಿಕೊಂಡು ಬರುತ್ತಾನಂತೆ ಅವಳ ಕೋಣೆಗೆ. ಹೊಟೇಲಿನವರು, ಬಿಲ್ಡಿಂಗ್ ಕಟ್ಟುವವರು, ಟೆಂಪೊ ಓಡಿಸುವವರು. ಊರು ಬಿಟ್ಟು ಬಂದು ಒಬ್ಬರೇ ಇರುವವರು. ಎಲ್ಲರದ್ದೂ ಗರ್ಮಿ. ಎಲ್ಲರೂ ಮೊದಲು ತಿಂಗಳುಗಟ್ಟಲೆ ಏನಾದರೂ ತಂಪು ಕುಡಿದೇ ಬಂದಿರುತ್ತಾರಂತೆ.

ಹಿಟ್ಟು ಮುಗಿದಿದೆ ಎಂದು ಸುಳ್ಳು ಹೇಳಿ ಕಳಿಸಿದೆ. ಎಷ್ಟು ಸೊಕ್ಕು ಅವಳಿಗೆ! ನಮ್ಮ ಹುಡುಗರ ಬಗ್ಗೆ ಅವಳಿಗೇನು ಗೊತ್ತು.

ಮೇ 26

ನಿದ್ದೆ ಬಂದಿಲ್ಲ. ಐತಪ್ಪನದೇ ಯೋಚನೆ. ಊರಿಗೆ ಹೋಗಿ ವರ್ಷ ತುಂಬುವುದರೊಳಗೆ ಹೋಗಿಬಿಟ್ಟ. ಒಣಗಿ ಕಡ್ಡಿಯಾಗಿದ್ದನಂತೆ. ಆಮೇಲೆ ಅವನ ಹೆಂಡತಿ. ಚಿಕ್ಕ ಪ್ರಾಯ. ಅವಳಿಗೂ ಉಷ್ಣವೇ ಎಂದು ಕಾಗದ ಬಂದಿತ್ತು. ಅಯ್ಯೋ ಪಾಪ ಎಂದು ಆ ಕಾಗದವನ್ನು ಎಲ್ಲರಿಗೂ ಓದಿ ಹೇಳಿದ್ದು ನಾನೇ.

ಅವಳು ಯಾವ ತವಾದ ಮುಂದೆ ನಿಂತಿದ್ದಳು?

ಇಷ್ಟು ವರ್ಷದಲ್ಲಿ ಒಮ್ಮೆಯೂ ಈ ಪ್ರಶ್ನೆ ಬರಲಿಲ್ಲ ನನಗೆ. ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬಂತು. ಕೆಲಸ ಯಾವುದೂ ಆಗಲಿಲ್ಲ. ಯಕ್ಷಿತಾ ಬ್ಲೌಸಿನ ಡಿಸೈನು ಕಳಿಸಿದ್ದಾಳೆ, ಯಾವುದು ಚೆಂದ ಹೇಳಿ ಎಂದು. ಉತ್ತರ ಕಳಿಸಿಲ್ಲ.

ಮೇ 28

ಸೃಜನ್ ಬಂದ. ತಂಪು ಕೊಡಲಿಲ್ಲ. ಮನೆಗೆ ಬಂದ ಊರಿನ ಹುಡುಗನಿಗೆ ಇಲ್ಲ ಅಂದದ್ದು ಜೀವನದಲ್ಲಿ ಇದೇ ಮೊದಲು.

"ಎಂತ ಅಕ್ಕ, ಮೆಂತೆ ಖಾಲಿಯಾ?"

"ಮೆಂತೆ ಉಂಟು. ನೀನು ಕೂತ್ಕೊ. ನಿಜ ಹೇಳು. ಎಲ್ಲಿಗೆ ಹೋಗಿದ್ದಿ?"

ಮೊದಲು ತಿಳಿಯದವನ ಹಾಗೆ ನೋಡಿದ. ಆಮೇಲೆ ಕಾಲ ಬೆರಳು ನೋಡಿದ. ಒಂದೇ ಸಲ ಅಂದ. ಮತ್ತೆ, ಒಂದು ಸಲ ಅಲ್ಲ ಅಂದ. ಸ್ಟಾಫ್ ರೂಮಿನವರು ಕರೆದರಂತೆ. ಈಗ ಅಲೆಯುವುದು ಬೇಡವಂತೆ, ಎಲ್ಲ ಫೋನಿನಲ್ಲೇ, ಲಾಡ್ಜಿನ ರೂಮು ಕೂಡ. ಕಾಂಡೋಮು? ಅದನ್ನೂ ಕೇಳಿದೆ. ಕುಡಿದಿದ್ದೆ ಅಕ್ಕ, ನೆನಪಿಲ್ಲ ಅಂದ.

"ಮದುವೆ ಆದ ಮೇಲೆ ಅದೆಲ್ಲ ಇಲ್ಲ ಅಕ್ಕ. ದೇವರಾಣೆ."

"ಮದುವೆ ಆದ ಮೇಲಿನದು ಬಿಡು. ಈಗ ಮೈಯಲ್ಲಿ ಇರುದು ಏನು ಅಂತ ಗೊತ್ತುಂಟಾ ನಿಂಗೆ?"

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವನ ತಲೆ ಸವರಬೇಕು ಎಂದೂ ಅನ್ನಿಸಿತು. ಎರಡೂ ಮಾಡಲಿಲ್ಲ. ಆಸ್ಪತ್ರೆಗೆ ನಡಿ ಅಂದೆ. ಬೇಡವೇ ಬೇಡ — ಇಲ್ಲಿನ ನಮ್ಮ ಊರವರ ಸಂಘದವರು ಯಾರಾದರೂ ನೋಡಿದರೆ ಊರಿಗೇ ಸುದ್ದಿ, ಮಾನ ಹೋಗುತ್ತದೆ ಎಂದು ಹಟ.

"ನಾನೂ ಬರ್ತೇನೆ. ನಂದೂ ರಕ್ತ ತೆಗೀಲಿ. ಮುದುಕಿಗೆ ಹೋಗದ ಮಾನ ನಿಂಗೆ ಹೋಗ್ತದಾ?"

ಕಣ್ಣು ಪಿಳಿಪಿಳಿ ಮಾಡಿದ. ಬರುತ್ತೇನೆ ಎಂದಿದ್ದಾನೆ. ವೈಶಾಲಿಗೆ ಹಿಟ್ಟು ಕೊಟ್ಟು ಬಂದೆ, ಚಟ್ನಿ ಸಮೇತ.

ಮೇ 30, ಶುಕ್ರವಾರ

ಹೋಗಿ ಬಂದೆವು. ಬೆಂಚಿನ ತುಂಬ ಗಂಡಸರು, ಎಲ್ಲರ ಮುಖವೂ ಗೋಡೆ ಕಡೆಗೆ. ನಡುವೆ ನಾನು, ಜರಿ ಅಂಚಿನ ಸೀರೆ ಉಟ್ಟು, ಮುಂಜಿಗೆ ಹೊರಟವಳ ಹಾಗೆ. ಮೊದಲು ನನ್ನದೇ ರಕ್ತ ತೆಗೆಸಿದೆ. ಸೃಜನ್‌ಗೆ ಧೈರ್ಯ ಬರಲಿ ಎಂದು ನಗುತ್ತ ಎದ್ದು ಬಂದೆ.

ಕಾಯುತ್ತ ಕೂತಾಗ ನಗು ನಿಂತಿತು. ಈ ಊರಿನಲ್ಲಿ ನಾನು ಮಾಡಿದ ಮೊದಲ ತಂಪು ಯಾರಿಗೆ? ನಮ್ಮವರಿಗೇ. ನಾನು ಬಂದ ಹೊಸತು. ಉಷ್ಣ ವಸಂತಿ, ಸ್ವಲ್ಪ ಏನಾದರೂ ಮಾಡು ಅಂದಿದ್ದರು. ಮಾಡಿದೆ. ಇಳಿಯಿತು. ಎಷ್ಟು ಹೆಮ್ಮೆ ಪಟ್ಟಿದ್ದೆ! ನಾನು ಬರುವ ಮುಂಚೆ ಹತ್ತು ವರ್ಷ ಅವರೂ ಅದೇ ಮೇಜಿನ ಮೇಲೆ ಮಲಗಿದವರು. ಅವರೂ ಇಸ್ತ್ರಿ ಅಂಗಿ ಹಾಕುತ್ತಿದ್ದರು... ಸೆರಗಿನಿಂದ ಮುಖ ಒರೆಸಿಕೊಂಡೆ. ಸೃಜನ್ ಏನಾಯ್ತು ಅಕ್ಕ, ನೀರು ಬೇಕಾ ಅಂತ ಕೇಳಿದ. ಅವನ ಕೈಯನ್ನೇ ಗಟ್ಟಿಯಾಗಿ ಹಿಡಿದು ಕೂತೆ.

ನನಗೆ ಏನೂ ಇಲ್ಲ. ವೈಶಾಲಿ ಹೇಳಿದ ಮೇಲೂ ಇನ್ನೊಮ್ಮೆ ಕೇಳಿದೆ. ಏನೂ ಇಲ್ಲ. ಗೋಡೆಯ ಮೇಲಿನ ಫೋಟೋಕ್ಕೆ ಇವತ್ತು ಹೂ ಇಟ್ಟಿಲ್ಲ. ನನಗೆ ಸಿಟ್ಟು ಬಂದಿದೆ ಅವರ ಮೇಲೆ. ಇದ್ದಿದ್ದರೆ ಚೆನ್ನಾಗಿ ಬಯ್ದು, ಆಮೇಲೆ ಊಟ ಬಡಿಸುತ್ತಿದ್ದೆ. ಸತ್ತವರನ್ನು ಬಯ್ಯುವುದು ಹೇಗೆ?

ಸೃಜನ್‌ನದು ಗೊನೋರಿಯಾ. ಮಾತ್ರೆ ಕೊಟ್ಟಿದ್ದಾರೆ, ವಾಸಿಯಾಗುತ್ತದಂತೆ. ಎಚ್‌ಐವಿ ಈಗ ತೋರಿಸುತ್ತಿಲ್ಲ. ಆದರೆ ಬಂದ ಹೊಸತರಲ್ಲಿ ಪರೀಕ್ಷೆಗೆ ಸಿಗದೆ ಇರಬಹುದು, ಮೂರು ತಿಂಗಳು ಕಳೆದು ಮತ್ತೆ ನೋಡಬೇಕು. ಆಗಲೇ ಖಾತ್ರಿ.

ಮದುವೆಗೆ ಒಂದು ತಿಂಗಳೂ ಇಲ್ಲ.

ಯಕ್ಷಿತಾಗೆ ನಾನು ಹೇಳಲೇ ಎಂದು ವೈಶಾಲಿಯನ್ನು ಕೇಳಿದೆ. ಅವಳೂ ಹೇಳುವಂತಿಲ್ಲ, ನಾನೂ ಹೇಳಬಾರದು. ಅವನ ಮೈಯ ಸುದ್ದಿ ಅವನೇ ಹೇಳಬೇಕು, ಆದರೆ ಮದುವೆಗೆ ಮುಂಚೆ ಹೇಳಲೇಬೇಕು ಅಂದಳು. ಸೃಜನ್ ಅಳುತ್ತ ಕೂತಿದ್ದ. ಹೇಳುತ್ತೇನೆ ಅಕ್ಕ, ಸ್ವಲ್ಪ ಟೈಮು ಕೊಡಿ ಅಂದ.

ಜೂನ್ 3

ಟೈಮು ಕೊಟ್ಟೆ. ನನ್ನ ಮೊಣಕಾಲನ್ನು ಅಡ್ಡ ಇಟ್ಟು.

ಗುಲಾಬಿಗೆ ಫೋನು ಮಾಡಿ ಮೊಣಕಾಲು ಹೋಗಿದೆ, ಆಪರೇಷನ್ ಆಗಬೇಕಂತೆ, ನಾನಿಲ್ಲದೆ ಮದುವೆ ಮಾಡುತ್ತೀಯಾ ಅಂದೆ. ಹಾಲ್ ಆಗಿದೆ, ಕಾಗದ ಹಂಚಿ ಆಗಿದೆ ಎಂದು ಮೊದಲು ಕೂಗಾಡಿದಳು. ಆಮೇಲೆ ಅತ್ತಳು. ಮುಂದಿನ ಮುಹೂರ್ತ ಹುಡುಕುವಷ್ಟರಲ್ಲಿ ಆಟಿ ಬಂತು. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಕಡೆ ಯಾರು ಮದುವೆ ಮಾಡುತ್ತಾರೆ? ಅದು ಮುಗಿದರೆ ಚೌತಿ, ಆಮೇಲೆ ಮಹಾಲಯ. ಅವಳೇ ಲೆಕ್ಕ ಹಾಕಿ ಅಕ್ಟೋಬರ್ ಅಂದಳು. ಆಟಿಯನ್ನು ಇಷ್ಟು ಪ್ರೀತಿಯಿಂದ ನಾನು ಎಂದೂ ನೆನೆದಿರಲಿಲ್ಲ.

"ಆಪರೇಷನ್ನಿಗೆ ನಾನು ಬರ್ತೇನೆ ಅಕ್ಕ. ನಿನ್ನ ನೋಡ್ಲಿಕ್ಕೆ ಜನ ಬೇಡ್ವಾ?"

ಬೇಡ, ಮೊದಲು ಆಯುರ್ವೇದ ನೋಡುತ್ತೇನೆ ಎಂದು ತಪ್ಪಿಸಿಕೊಂಡೆ. ಒಂದು ಸುಳ್ಳಿಗೆ ಎಷ್ಟು ಬಾಲ!

ಜೂನ್ 29, ಭಾನುವಾರ

ಇವತ್ತು ಮದುವೆಯಾಗಬೇಕಿತ್ತು. ಧೋ ಎಂದು ಮಳೆ. ಲೋಕಲ್ ನಿಂತು ನಿಂತು ಓಡುತ್ತಿದೆ. ಅಂಥದ್ದರಲ್ಲೂ ಯಕ್ಷಿತಾ ನೆನೆದುಕೊಂಡು ಬಂದಳು. ಬ್ಯಾಗಿನಲ್ಲಿ ಮೊಣಕಾಲಿಗೆ ಹಾಕುವ ಪಟ್ಟಿ, ನೋವಿನ ಎಣ್ಣೆ. ನೆಲದ ಮೇಲೆ ಕೂತು ನನ್ನ ಕಾಲು ತನ್ನ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕಿದಳು. ಎಲ್ಲಿ ನೋವು ದೊಡ್ಡಮ್ಮ, ಇಲ್ಲಿಯಾ, ಇಲ್ಲಿಯಾ? ನಾನು ಇಲ್ಲಿ, ಅಲ್ಲಿ ಎಂದು ತೋರಿಸಿದೆ. ಪಾಪದವಳು.

ಕಾಲೇಜಿಗೆ ಬಂದ ವರ್ಷ ಈ ಹುಡುಗಿ ಊರು ನೆನೆದು ಅಳುತ್ತಿತ್ತು. ನಮ್ಮವರು ಬೆಣ್ಣೆ ಕಾಗದದಲ್ಲಿ ಮಸಾಲೆ ದೋಸೆ ಸುತ್ತಿ ತಂದು, ಮಲಗಿದವಳನ್ನು ಎಬ್ಬಿಸಿ ತಿನ್ನಿಸುತ್ತಿದ್ದರು. ತಿನ್ನುತ್ತ ತಿನ್ನುತ್ತ ನಿದ್ದೆ ಹೋಗುತ್ತಿದ್ದಳು. ಆಗ ಈ ಮನೆಯಲ್ಲಿ ಸುಳ್ಳು ಇರಲಿಲ್ಲ ಅಂದುಕೊಂಡಿದ್ದೆ. ಇತ್ತು, ನಾವು ಅದನ್ನು ಉಷ್ಣ ಅನ್ನುತ್ತಿದ್ದೆವು.

ಸೃಜನ್ ಇನ್ನೂ ಹೇಳಿಲ್ಲ. ಬರುವ ವಾರ, ಬರುವ ವಾರ ಅನ್ನುತ್ತಾನೆ.

ಜುಲೈ 24, ಆಟಿ ಅಮಾವಾಸ್ಯೆ

ಸಂಘದಲ್ಲಿ ಪಾಲೆ ಮರದ ತೊಗಟೆಯ ಕಷಾಯ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿದೆ. ವಿಷದಷ್ಟು ಕಹಿ. ವರ್ಷದ ರೋಗವೆಲ್ಲ ಹೋಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಹಿಂದೆ ಸಂಘ ಗಿಂಘ ಇರಲಿಲ್ಲ, ನಮ್ಮವರೇ ಬೆಳಗಾಗುವ ಮುಂಚೆ ರೈಲ್ವೇ ಕ್ವಾರ್ಟರ್ಸ್ ಹಿಂದಿನ ಮರಕ್ಕೆ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಿದ್ದರು. ಒಮ್ಮೆ ವಾಚ್‌ಮನ್ ಕಳ್ಳ ಎಂದು ಹಿಡಿದು ಕೂರಿಸಿದ್ದ. ಅವನಿಗೂ ಒಂದು ಲೋಟ ಕುಡಿಸಿ ಬಂದರಂತೆ. ನೆನೆದು ನಕ್ಕೆ. ಫೋಟೋಕ್ಕೆ ಹೂ ಇಟ್ಟೆ. ಎಷ್ಟು ದಿನ ಎಂದು ಸಿಟ್ಟು ಮಾಡುವುದು.

ಸೃಜನ್ ಕೂಡ ಬಂದಿದ್ದ. ಒಂದೇ ಗುಟುಕಿಗೆ ಕುಡಿದು ಮುಖ ಹಿಂಡಿ, "ಇನ್ನು ಎಲ್ಲ ಕ್ಲಿಯರ್ ಅಕ್ಕ" ಅಂದ.

ಅಲ್ಲೇ ಬದಿಗೆ ಎಳೆದೆ.

"ಆಟಿ ಮುಗಿಯುದ್ರೊಳಗೆ ಅವಳಿಗೆ ಹೇಳು. ಇಲ್ಲಾಂದ್ರೆ ಈ ಸಂಬಂಧ ಬೇಡ ಅಂತ ನಾನು ಗುಲಾಬಿಗೆ ಹೇಳ್ತೇನೆ. ಯಾಕೆ ಅಂತ ಹೇಳುದಿಲ್ಲ. ಬೇಡ, ಅಷ್ಟೆ."

"ಹೇಳಿದ್ರೆ ಅವ್ಳು ಬಿಟ್ಟು ಹೋಗ್ತಾಳೆ ಅಕ್ಕ."

"ಹೋಗ್ಲಿ. ಹೋಗ್ಲಿಕ್ಕೆ ಅವಳಿಗೆ ದಾರಿ ಬೇಡ್ವಾ?"

ಅವನ ಕಣ್ಣು ತುಂಬಿತು. ನನ್ನದೂ. ಕಷಾಯದ ಕಹಿ ಎಂದು ಪಕ್ಕದವರು ಬೆಲ್ಲದ ತುಂಡು ಕೊಟ್ಟರು.

ಆಗಸ್ಟ್ 10, ಭಾನುವಾರ, ಸಂಜೆ 5

ಹೇಳಿದ.

ಹೇಳಿದ್ದು ಎಲ್ಲಿ? ಲೋಕಲ್‌ನಲ್ಲಿ! ಇಬ್ಬರೂ ಬಾಂದ್ರಾದಿಂದ ನನ್ನ ಮನೆಗೆಂದು ಹೊರಟಿದ್ದರು. ಇಲ್ಲಿಗೆ ಬಂದ ಮೇಲೆ ಬಾಯಿ ಬರಲಿಕ್ಕಿಲ್ಲ ಅನ್ನಿಸಿತಂತೆ. ಅಂಧೇರಿ ದಾಟಿದ ಮೇಲೆ, ಆ ನೂಕುನುಗ್ಗಲಿನಲ್ಲಿ, ಮೇಲಿನ ಹಿಡಿ ಹಿಡಿದು ನಿಂತು, ಸುತ್ತಲಿನವರಿಗೆ ತಿಳಿಯುವುದಿಲ್ಲ ಎಂದು ತುಳುವಿನಲ್ಲಿ ಎಲ್ಲ ಹೇಳಿಬಿಟ್ಟಿದ್ದಾನೆ. ಲಾಡ್ಜು, ಮಾತ್ರೆ, ರಕ್ತಪರೀಕ್ಷೆ ಎಲ್ಲ. ಕಾಂದಿವಲಿಯಲ್ಲಿ ಇಳಿಯಲು ಎದ್ದ ಅಜ್ಜ ಒಬ್ಬರು ಅವನ ಭುಜ ತಟ್ಟಿ "ಎಡ್ಡೆ ಆವಡ್ ಮಗಾ" ಅಂದರಂತೆ. ಒಳ್ಳೆಯದಾಗಲಿ ಎಂದು. ತುಳುವರಿಲ್ಲದ ಲೋಕಲ್ ಈ ಮುಂಬಯಿಯಲ್ಲಿ ಎಲ್ಲಿದೆ?

ಯಕ್ಷಿತಾ ಒಳಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ.

"ನಿಮಗೆ ಯಾವಾಗಿಂದ ಗೊತ್ತು ದೊಡ್ಡಮ್ಮ?"

"ಮೇ ತಿಂಗಳಿಂದ."

"ನಾನು ನಿಮ್ಮ ಕಾಲು ತಿಕ್ಕಿದೆ. ಎಣ್ಣೆ ಹಾಕಿ. ನೀವು ಇಲ್ಲಿ ನೋವು, ಅಲ್ಲಿ ನೋವು ಅಂತ ತೋರಿಸಿದ್ರಿ."

ಅವಳಿಗೆ ಅವನಿಗಿಂತ ನನ್ನ ಮೇಲೆ ಹೆಚ್ಚು ಸಿಟ್ಟು. ಅವನದ್ದು ತಪ್ಪು, ಆದರೂ ಬಾಯಿಬಿಟ್ಟು ಹೇಳಿದ, ನೀವು ನನ್ನನ್ನು ಚಿಕ್ಕ ಮಗು ಮಾಡಿದಿರಿ ಅಂದಳು. ಹೌದು ಮಗಾ ಅಂದೆ. ಬೇರೆ ಏನು ಅನ್ನಲಿ? ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ತಿಂಗಳ ಕೊನೆಯ ಪರೀಕ್ಷೆಗೆ ನಾನೇ ಜೊತೆಗೆ ಹೋಗುತ್ತೇನೆ, ಮದುವೆ ಆಗುತ್ತೇನೋ ಇಲ್ಲವೋ ಗೊತ್ತಿಲ್ಲ, ಅಲ್ಲಿಯವರೆಗೆ ಯಾರೂ ಕೇಳಬೇಡಿ ಅಂದಳು. ಸೃಜನ್ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾನೆ. ಒಳಗೆ ಬಾ ಎಂದು ಅವಳು ಹೇಳಿಲ್ಲ, ಹೋಗು ಎಂದೂ ಹೇಳಿಲ್ಲ.

5.40

ಊರಿಗೆ ಫೋನು ಮಾಡಿದ್ದಾಳೆ. ಕಿಟಕಿಯ ಹತ್ತಿರ ನಿಂತು ಗುಲಾಬಿಗೆ ಹೇಳುತ್ತಿದ್ದಾಳೆ. ಮೊಣಕಾಲಲ್ಲ ಅಮ್ಮ, ಕೇಳು. ರೋಗದ ಹೆಸರು ಹಿಡಿದೇ ಹೇಳುತ್ತಿದ್ದಾಳೆ, ದೊಡ್ಡ ದನಿಯಲ್ಲಿ. ನಾನು ಇಷ್ಟು ವರ್ಷ ಬಾಯಲ್ಲಿ ಆಡದ ಶಬ್ದಗಳು. ಕಾರಿಡಾರಿನಲ್ಲಿ ಜನ ಓಡಾಡುತ್ತಿದ್ದಾರೆ. ಬಾಗಿಲು ಹಾಕಲು ಎದ್ದೆ.

"ಹಾಕ್ಬೇಡಿ ದೊಡ್ಡಮ್ಮ. ಕೇಳಿದ್ರೆ ಕೇಳ್ಲಿ."

ಹಾಕಲಿಲ್ಲ. ಮತ್ತೆ ಬಂದು ಕೂತೆ. ಕೈ ಖಾಲಿ ಇರಬಾರದು ಎಂದು ಬರೆಯುತ್ತಿದ್ದೇನೆ. ಗುಲಾಬಿ ನಂಬುತ್ತಿಲ್ಲ. ಅಕ್ಕ ಹಾಗೆ ಮಾಡುವವಳಲ್ಲ, ಅಕ್ಕನಿಗೆ ಕೊಡು ಅನ್ನುತ್ತಿದ್ದಾಳೆ. ಯಕ್ಷಿತಾ ಫೋನು ನನ್ನ ಕಡೆ ಚಾಚಿ ನಿಂತಿದ್ದಾಳೆ. ಮುಖ ನೋಡುತ್ತಿಲ್ಲ, ಚಾಚಿದ ಕೈ ಇಳಿಸುತ್ತಲೂ ಇಲ್ಲ. ಫೋನಿನ ಒಳಗಿನಿಂದ ಅಕ್ಕಾ, ಅಕ್ಕಾ ಎಂದು ಕೇಳಿಸುತ್ತಿದೆ. ಪೆನ್ನು ಇಡುತ್ತೇನೆ. ಗುಲಾಬಿಗೆ ಮೊದಲು ಹೇಳಬೇಕಾದದ್ದು — ನನ್ನ ಮೊಣಕಾಲಿಗೆ ಏನೂ ಆಗಿಲ್ಲ.